ಗವರ್ನರ್ ಬಿಡಲ್ಲ

ಆ ಕಾದಂಬರಿ ಬರುವವರೆಗೆ ನಮ್ಮ ಕಟ್ಟಡದಲ್ಲಿ ಜಗಳವಾಡಲು ಎರಡೇ ವಿಷಯಗಳಿದ್ದವು: ನೀರಿನ ಟ್ಯಾಂಕು ಮತ್ತು ಗಾಡಿ ನಿಲ್ಲಿಸುವ ಜಾಗ. ಸಾಹಿತ್ಯಕ್ಕಾಗಿ ಯಾರೂ ಯಾರ ಮೇಲೂ ಕೂಗಾಡಿದ್ದು ನನಗೆ ನೆನಪಿಲ್ಲ. ‘ನಡುಮಹಡಿ’ ಬಂದು ಈ ಕೊರತೆಯನ್ನು ತುಂಬಿಕೊಟ್ಟಿತು.

ಅದೇನು ಸಾಮಾನ್ಯ ಪುಸ್ತಕವೇ? ಸಾವಿರ ಪುಟಕ್ಕೆ ಸ್ವಲ್ಪ ಕಡಿಮೆ. ಮಲಗಿ ಓದಿದರೆ ಎದೆನೋವು, ಕೂತು ಓದಿದರೆ ಕೈನೋವು. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಯಾವ ನಕ್ಷೆಯಲ್ಲೂ ಇಲ್ಲದ ಇನ್ನೊಂದು ಮಹಡಿ, ಅಲ್ಲೊಂದು ದೆವ್ವ, ಆ ದೆವ್ವಕ್ಕೆ ಓಡಾಡಲು ಒಂದು ಲಿಫ್ಟು. ಕಥೆ ಇಷ್ಟೇ. ಆದರೆ ಇಷ್ಟಕ್ಕೇ ನಮ್ಮ ಎಂಟು ಮಹಡಿಯ ಕಟ್ಟಡ ಎರಡು ಹೋಳಾಯಿತು. ಓದಿ ‘ಅಬ್ಬಾ!’ ಅಂದವರು ಒಂದು ಕಡೆ, ‘ಅಯ್ಯೋ!’ ಅಂದವರು ಇನ್ನೊಂದು ಕಡೆ.

ಅಬ್ಬಾ ಪಕ್ಷಕ್ಕೆ ಹಲ್ಲಿನ ಡಾಕ್ಟರಮ್ಮ ನಾಯಕಿ. ಅವರ ಕ್ಲಿನಿಕ್ಕು ನೆಲಮಹಡಿಯಲ್ಲೇ ಇತ್ತು. ರೋಗಿ ಬಾಯಿ ತೆರೆದು ಕೂತೊಡನೆ ಅವರು ಕಾದಂಬರಿಯ ಗುಣಗಾನ ಶುರುಮಾಡುತ್ತಿದ್ದರು. ಬಾಯಲ್ಲಿ ಹತ್ತಿ, ಕನ್ನಡಿ, ಇಕ್ಕಳ ಇರುವಾಗ ಎದುರಾಡಲು ಯಾರಿಂದ ಸಾಧ್ಯ? ಹಾಗಾಗಿ ಅವರ ಕುರ್ಚಿಯಿಂದ ಎದ್ದವರೆಲ್ಲ ಒಪ್ಪಿಕೊಂಡವರ ಲೆಕ್ಕಕ್ಕೆ ಸೇರುತ್ತಿದ್ದರು.

ಅಯ್ಯೋ ಪಕ್ಷಕ್ಕೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ಯಾವುದೇ ಸಭೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದುಹೋಗುವ ಮನುಷ್ಯ. “ಒಂದು ಬಾಗಿಲು ತೆಗೆಯೋಕೆ ನಲವತ್ತು ಪುಟ ಬೇಕೇನ್ರೀ? ಕೀಲಿಗೆ ಎಣ್ಣೆ ಬಿಟ್ಟಿದ್ರೆ ನಾಲ್ಕೇ ಪುಟಕ್ಕೆ ಮುಗೀತಿತ್ತು!” ಎಂದು ಸಿಕ್ಕಸಿಕ್ಕವರನ್ನು ತಡೆದು ಕೇಳುತ್ತಿದ್ದರು.

ಈ ಎರಡು ಪಕ್ಷಗಳ ನಡುವೆ ಸಿಕ್ಕಿಬಿದ್ದವನು ಲಿಫ್ಟಣ್ಣ.

ಲಿಫ್ಟಣ್ಣ ನಮ್ಮ ಕಟ್ಟಡದ ಮತ್ತು ಸುತ್ತಲಿನ ನಾಲ್ಕಾರು ಕಟ್ಟಡಗಳ ಲಿಫ್ಟ್ ಮೆಕ್ಯಾನಿಕ್. ನೆಲಮಹಡಿಯ ಹಿಂಭಾಗದ ಪುಟ್ಟ ಮನೆಯಲ್ಲಿ ಹೆಂಡತಿ ಮತ್ತು ಅತ್ತೆಯ ಜೊತೆ ವಾಸ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಪುಸ್ತಕ ಅಂದರೆ ಪ್ರಾಣ. ‘ನಡುಮಹಡಿ’ಯನ್ನು ಅವಳೇ ಅವನ ಹುಟ್ಟಿದ ದಿನಕ್ಕೆ ಕೊಂಡು ತಂದು ಕೈಗಿಟ್ಟಿದ್ದಳು.

“ಯಾಕೆ ತಂದೆ ಹೇಳಿ? ಇದರ ಕಥಾನಾಯಕ ಲಿಫ್ಟ್ ಮೆಕ್ಯಾನಿಕ್ ಕಣ್ರೀ! ಇಷ್ಟು ವರ್ಷ ಓದಿದ್ದೀನಿ, ಡಾಕ್ಟರು, ಲಾಯರು, ಪೊಲೀಸು, ಎಲ್ಲರೂ ನಾಯಕರಾದ್ರು. ನಿಮ್ಮ ಕಸುಬಿನವರು ಇದೇ ಮೊದಲು. ನೀವು ಓದಿ ಮುಗಿಸಿ, ಆಮೇಲೆ ನಾನು ಓದ್ತೀನಿ. ಆಮೇಲೆ ಇಬ್ರೂ ಕೂತು ಮಾತಾಡೋಣ” ಎಂದಿದ್ದಳು.

ಲಿಫ್ಟಣ್ಣ ಎದೆಯುಬ್ಬಿಸಿ ಓದಲು ಕೂತ. ಅರವತ್ತು ಪುಟದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಕಥಾನಾಯಕ ಲಿಫ್ಟಿನ ತಳದ ಗುಂಡಿಗೆ ಏಣಿ ಇಟ್ಟು ಇಳಿದ. ಕೆಳಗಿನ ನೆಲಕ್ಕೆ ಎರಡೂ ಕಾಲು ಊರಿದ. ಆಗ ಆ ನೆಲದ ಕೆಳಗಿನಿಂದ ಯಾರೋ ಮೂರು ಸಲ ತಟ್ಟಿದರು.

ಲಿಫ್ಟಣ್ಣ ಪುಸ್ತಕ ಮುಚ್ಚಿದ. ಅದನ್ನು ಬೀರುವಿನ ಮೇಲೆ ಕವುಚಿ ಹಾಕಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ. ತುಸು ಯೋಚಿಸಿ, ಇಸ್ತ್ರಿಪೆಟ್ಟಿಗೆಯ ಮೇಲೆ ಒಂದು ಸೂಟ್‌ಕೇಸನ್ನೂ ಇಟ್ಟ.

ಅವನ ಕಷ್ಟ ನೀವು ಅರ್ಥಮಾಡಿಕೊಳ್ಳಬೇಕು. ನಾವು ನೀವಾದರೆ ಹೆದರಿಕೊಂಡು ಮೆಟ್ಟಿಲು ಹತ್ತಿಕೊಂಡು ಹೋಗಬಹುದು. ಅವನು ತಿಂಗಳಿಗೊಮ್ಮೆ ಆ ಗುಂಡಿಗೆ ಇಳಿದು ಗುಡಿಸಿ, ಎಣ್ಣೆ ಹಾಕಿ ಬರಬೇಕು. ಅದು ಅವನ ಅನ್ನದ ಕೆಲಸ. ಗುಂಡಿಗೆ ಇಳಿಯಲು ಹೆದರುವ ಲಿಫ್ಟ್ ಮೆಕ್ಯಾನಿಕ್ ಅಂದರೆ ನೀರಿಗೆ ಹೆದರುವ ಅಂಬಿಗನ ಹಾಗೆ. ಕಂಪನಿಗೆ ಗೊತ್ತಾದರೆ ಮರುದಿನವೇ ಮನೆಗೆ ಕಳಿಸುತ್ತಾರೆ. ಆದ್ದರಿಂದ ಆ ತಿಂಗಳು ಅವನು ಗುಂಡಿಗೆ ಇಳಿಯಲಿಲ್ಲ. “ಮಳೆ ಬರೋ ಹಾಗಿದೆ” ಅಂದ. ಗುಂಡಿ ಇರುವುದು ಕಟ್ಟಡದ ಒಳಗೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಹೆಂಡತಿ “ಓದಿದ್ರಾ? ಹೇಗಿದೆ?” ಎಂದು ಕೇಳಿದಾಗ ಅವನು ಮೂಗು ಮುರಿದು, “ಏನೋ ಕಣೇ. ತಾಂತ್ರಿಕವಾಗಿ ತುಂಬಾ ತಪ್ಪು” ಎಂದ.

ಅವಳ ಮುಖ ಸಣ್ಣಗಾಯಿತು. ಸೂಟ್‌ಕೇಸು ಇಳಿಸಿ, ಇಸ್ತ್ರಿಪೆಟ್ಟಿಗೆ ಇಳಿಸಿ, ಪುಸ್ತಕ ತೆಗೆದುಕೊಂಡು ಹೋಗಿ ತಾನೇ ಓದತೊಡಗಿದಳು. ಓದುತ್ತಾ ಓದುತ್ತಾ ಅಬ್ಬಾ ಪಕ್ಷ ಸೇರಿದಳು.

ಅತ್ತೆ ಮಾತ್ರ ಅಯ್ಯೋ ಪಕ್ಷ. ಅವರು ಯಾವ ಪುಸ್ತಕವನ್ನೇ ಆಗಲಿ ಕೊನೆಯ ಪುಟದಿಂದ ಶುರುಮಾಡುವವರು. “ಕೊನೆಗೆ ದೆವ್ವ ಅಲ್ಲೇ ಉಳ್ಕೊಳ್ಳುತ್ತೆ, ಮನುಷ್ಯರು ಮನೆ ಖಾಲಿ ಮಾಡ್ತಾರೆ. ಇದು ದೆವ್ವದ ಕಥೆ ಅಲ್ಲ, ಬಾಡಿಗೆ ಮನೆ ಕಥೆ” ಎಂದು ಲಿಫ್ಟಿಗೆ ಕಾಯುತ್ತಿದ್ದವರಿಗೆಲ್ಲ ಹೇಳಿ, ಇನ್ನೂ ಓದುತ್ತಿದ್ದ ಏಳೆಂಟು ಜನರ ಶಾಪ ಕಟ್ಟಿಕೊಂಡರು.

ಹೀಗಿರುವಾಗ ಒಂದು ಬೆಳಿಗ್ಗೆ ಲಿಫ್ಟಿನೊಳಗೆ ಮೂವರು ಸೇರಿದರು: ಡಾಕ್ಟರಮ್ಮ, ಕಾರ್ಯದರ್ಶಿಗಳು ಮತ್ತು ಸ್ಕ್ರೂಡ್ರೈವರ್ ಹಿಡಿದು ಬಟನ್ನುಗಳ ಫಲಕ ಬಿಚ್ಚುತ್ತಿದ್ದ ಲಿಫ್ಟಣ್ಣ. ಉಳಿದ ಇಬ್ಬರ ವಾಗ್ವಾದ ಐದನೇ ಮಹಡಿಯಲ್ಲೇ ಕಾವೇರಿತ್ತು.

“ಆ ಲಿಫ್ಟು ನೆಲಮಹಡಿ ದಾಟಿ ಕೆಳಗೆ ಕೆಳಗೆ ಜಾರಿಕೊಂಡು ಹೋಗುತ್ತಲ್ಲ, ಅದನ್ನ ಓದಿ ನನ್ನ ಕೈ ನಡುಗಿಬಿಡ್ತು. ಪಾಪ, ಆ ಹೊತ್ತಲ್ಲಿ ಒಬ್ಬರ ಹಲ್ಲು ಕೀಳ್ತಿದ್ದೆ” ಎಂದರು ಡಾಕ್ಟರಮ್ಮ.

“ಇಪ್ಪತ್ತು ಪುಟ ಜಾರುತ್ತೆ! ಮೆಟ್ಟಿಲಲ್ಲಿ ಇಳಿದಿದ್ರೆ ಬೇಗ ತಲುಪ್ತಿತ್ತು!” ಎಂದರು ಕಾರ್ಯದರ್ಶಿಗಳು. ಆಮೇಲೆ ತಿರುಗಿ, “ಲಿಫ್ಟಣ್ಣ, ನೀನು ಹೇಳಪ್ಪ. ನೀನು ಕಸುಬುದಾರ. ಓದಿದ್ದೀಯಾ?”

ಲಿಫ್ಟಣ್ಣ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ, ನ್ಯಾಯಾಧೀಶರಂತೆ ಗಂಟಲು ಸರಿಮಾಡಿಕೊಂಡ. “ಓದಿದೆ ಸಾರ್. ಆದ್ರೆ ಈ ಪುಸ್ತಕದಲ್ಲಿ ಬರೆದಿರೋ ಹಾಗೆಲ್ಲ ಮಾಡೋಕೆ ಆಗಲ್ಲ. ಗವರ್ನರ್ ಬಿಡಲ್ಲ.”

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಇಬ್ಬರೂ ಹೊರಗೆ ಹೋದರು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಲಿಫ್ಟು ಮಿತಿ ಮೀರಿ ವೇಗವಾಗಿ ಇಳಿದರೆ ಅದನ್ನು ತಡೆದು ನಿಲ್ಲಿಸಲು ಮೇಲಿನ ಮಷೀನ್ ರೂಮಿನಲ್ಲಿ ಒಂದು ಕಬ್ಬಿಣದ ಚಕ್ರ ಇರುತ್ತದೆ. ಅದರ ಹೆಸರು ಗವರ್ನರ್. ಲಿಫ್ಟಣ್ಣ ಹೇಳಿದ್ದು ಆ ಚಕ್ರದ ವಿಷಯ. ಆದರೆ ನಮ್ಮಲ್ಲಿ ಗವರ್ನರ್ ಅಂದರೆ ದೊಡ್ಡ ಬಂಗಲೆಯಲ್ಲಿರುವ, ಮುಂದೊಂದು ಹಿಂದೊಂದು ಕಾರು ಇಟ್ಟುಕೊಂಡು ಓಡಾಡುವ ದೊಡ್ಡವರು ಎಂದು ಯಾರಾದರೂ ತಿಳಿದರೆ ತಪ್ಪೇನು?

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎರಡನೇ ಮಹಡಿಯಲ್ಲಿ ‘ಗವರ್ನರಿಗೆ ಪುಸ್ತಕ ಇಷ್ಟವಾಗಲಿಲ್ಲವಂತೆ’ ಎಂದಿತ್ತು. ನಾಲ್ಕನೇ ಮಹಡಿಗೆ ಹೋಗುವಾಗ ‘ಗವರ್ನರು ಪುಸ್ತಕ ಓದಿ ಎಸೆದರಂತೆ’ ಎಂದಾಯಿತು. ಎಂಟನೇ ಮಹಡಿ ಮುಟ್ಟುವ ಹೊತ್ತಿಗೆ ‘ನಾಳೆಯಿಂದ ನಿಷೇಧ, ಮನೆಮನೆ ಹುಡುಕುತ್ತಾರಂತೆ’ ಎಂದಾಗಿತ್ತು. ಸಂಜೆ ಲಿಫ್ಟಣ್ಣ ಮನೆಗೆ ಬರುವಾಗ ಜನ ದಾರಿ ಬಿಟ್ಟು ನಿಂತರು.

“ಗವರ್ನರ್ ಬಂಗಲೆಯ ಲಿಫ್ಟೂ ಇವನೇ ನೋಡಿಕೊಳ್ಳೋದಂತೆ.”

“ಅಲ್ಲೇ ಟೀ ಕುಡೀತಾ ಹೇಳಿದ್ರಂತೆ.”

“ನೋಡೋಕೆ ಹೇಗಿದ್ದಾನೆ ನೋಡಿ, ಏನೂ ಗೊತ್ತಿಲ್ಲದವನ ಹಾಗೆ.”

ಕೊನೆಯ ಮಾತು ಮಾತ್ರ ಪೂರ್ತಿ ನಿಜವಾಗಿತ್ತು.

ಲಿಫ್ಟಣ್ಣನಿಗೆ ವಿಷಯ ತಿಳಿದದ್ದು ಕಾರ್ಯದರ್ಶಿಗಳು ಅವನನ್ನು ಮೂಲೆಗೆ ಕರೆದಾಗ. ಅವರ ಮುಖ ಬಿಳಿಚಿಕೊಂಡಿತ್ತು. “ಲಿಫ್ಟಣ್ಣ, ನೋಡಪ್ಪ, ನಾನು ಪುಸ್ತಕ ಚಿಕ್ಕದಾಗಬೇಕಿತ್ತು ಅಂದೆ ಅಷ್ಟೆ. ಇಲ್ಲವಾಗಲಿ ಅನ್ನಲಿಲ್ಲ. ಅದನ್ನ ಅವರಿಗೆ ತಿಳಿಸು.”

“ಯಾರಿಗೆ ಸಾರ್?”

“ಗವರ್ನರಿಗೆ.”

“ಸಾರ್, ಗವರ್ನರ್ ಅಂದ್ರೆ ಅದು ಒಂದು ಚಕ್ರ ಸಾರ್!”

ಕಾರ್ಯದರ್ಶಿಗಳು ಸುತ್ತಮುತ್ತ ನೋಡಿ ಅವನ ಬಾಯಿ ಮುಚ್ಚಿದರು. “ಶ್! ದೊಡ್ಡವರ ಬಗ್ಗೆ ಹಾಗೆಲ್ಲ ಮಾತಾಡಬಾರದು. ಅವರು ತಿರುಗಿಸಿದ ಕಡೆ ಸರ್ಕಾರ ತಿರುಗುತ್ತೆ, ಒಪ್ಪಿದೆ. ಅದಕ್ಕೆ ಚಕ್ರ ಅನ್ನೋದೇ?”

ಮನೆಯೊಳಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಮದುವೆಯಾದಾಗಿನಿಂದ ಅವನನ್ನು ‘ಇವರು’ ಎಂದಷ್ಟೇ ಕರೆಯುತ್ತಿದ್ದ ಅತ್ತೆ, “ಬನ್ನಿ ಅಳಿಯಂದ್ರೇ, ಕೈಕಾಲು ತೊಳ್ಕೊಳ್ಳಿ” ಎಂದು ತಾವೇ ಟವೆಲು ಹಿಡಿದು ನಿಂತಿದ್ದರು. ಊಟಕ್ಕೆ ಮೊದಲು ಅವನಿಗೇ ಬಡಿಸಿದರು. ಎರಡನೇ ಸಲವೂ ಕೇಳದೆಯೇ ಬಡಿಸಿದರು. ಮೂರನೇ ಸಲ ಬಡಿಸುವಾಗ, “ನಮ್ಮ ಹುಡುಗ ಆ ದೂರದ ಆಫೀಸಲ್ಲಿ ಕೊಳೀತಾ ಇದ್ದಾನೆ. ಗವರ್ನರ್ ಒಂದು ಮಾತು ಹೇಳಿದ್ರೆ ಈ ಊರಿಗೆ ವರ್ಗ ಆಗಲ್ವೇ?” ಎಂದರು. ಹುಡುಗ ಅಂದರೆ ಅವರ ಮಗ, ಲಿಫ್ಟಣ್ಣನ ಬಾಮೈದ, ಎರಡು ಮಕ್ಕಳ ತಂದೆ.

ಲಿಫ್ಟಣ್ಣ ಬಾಯಿ ತೆರೆದ. ಚಕ್ರದ ವಿಷಯ ನಾಲಿಗೆ ತುದಿಗೆ ಬಂದಿತ್ತು. ಆದರೆ ಚಕ್ರದ ವಿಷಯ ಹೇಳಿದರೆ ಮುಂದಿನ ಪ್ರಶ್ನೆ ‘ಹಾಗಾದರೆ ಪುಸ್ತಕದಲ್ಲಿ ತಪ್ಪೇನು?’ ಎಂದು ಬರುತ್ತದೆ. ಅದರ ಮುಂದಿನ ಪ್ರಶ್ನೆ ‘ಗುಂಡಿಗೆ ಯಾಕೆ ಇಳಿದಿಲ್ಲ?’ ಎಂದು ಬರುತ್ತದೆ. ಅಲ್ಲದೆ ತಟ್ಟೆಯ ತುಂಬ ಬಿಸಿ ಊಟ ಇತ್ತು. ಅವನು ತೆರೆದ ಬಾಯಿಗೆ ತುತ್ತು ಇಟ್ಟುಕೊಂಡು, “ನೋಡೋಣ ಅತ್ತೆ” ಎಂದ.

ಈ ‘ನೋಡೋಣ’ದಿಂದಲೇ ಅವನು ಕೆಟ್ಟದ್ದು.

ಹೆಂಡತಿ ಮಾತ್ರ ಅವನ ಜೊತೆ ಮಾತು ಬಿಟ್ಟಿದ್ದಳು. ತಾಯಿಯ ಕಡೆ ತಿರುಗಿ, “ಅಮ್ಮಾ, ನಾನು ಪ್ರೀತಿಯಿಂದ ತಂದುಕೊಟ್ಟ ಪುಸ್ತಕಕ್ಕೆ ಬೆಂಕಿ ಇಡಿಸೋ ಗಂಡಸಿಗೆ ಇನ್ನೂ ಸ್ವಲ್ಪ ಉಪ್ಪು ಬೇಕಾ ಕೇಳು” ಎಂದಳು.

“ನಾನೆಲ್ಲಿ ಬೆಂಕಿ...”

“ಅಮ್ಮಾ, ನನಗಿನ್ನೂ ಮುನ್ನೂರು ಪುಟ ಬಾಕಿ ಇದೆ ಅಂತ ಹೇಳು. ಅದು ಮುಗಿಯೋ ತನಕ ಪುಸ್ತಕ ಎಲ್ಲಿದೆ ಅಂತ ನಾನು ಯಾರಿಗೂ ಹೇಳಲ್ಲ ಅಂತಾನೂ ಹೇಳು.”

ಪುಸ್ತಕ ಹಿಟ್ಟಿನ ಡಬ್ಬದಲ್ಲಿತ್ತು. ಅವಳ ಮೂಗಿನ ತುದಿಯಲ್ಲಿ ಹಿಟ್ಟು ಮೆತ್ತಿಕೊಂಡಿದ್ದರಿಂದ ಅದು ಎಲ್ಲರಿಗೂ ಗೊತ್ತಾಗಿತ್ತು. ಆದರೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳೊಬ್ಬಳೇ ಅಲ್ಲ, ಕಟ್ಟಡದ ತುಂಬ ಅದೇ ಆಗಿತ್ತು. ಒಬ್ಬರು ಪುಸ್ತಕವನ್ನು ಬಟ್ಟೆ ಒಗೆಯುವ ಯಂತ್ರದಲ್ಲಿ ಬಚ್ಚಿಟ್ಟು, ಮರೆತು, ಒಗೆದೇಬಿಟ್ಟರು. ಡಾಕ್ಟರಮ್ಮ ರೋಗಿಗಳ ಎಕ್ಸ್‌ರೇಗಳ ಅಡಿಯಲ್ಲಿಟ್ಟು ಬೀಗ ಹಾಕಿದರು. ಅದುವರೆಗೆ ಪುಸ್ತಕದ ಹೆಸರೂ ಕೇಳದವರು ಅಂಗಡಿಗೆ ಓಡಿದರು. ಬೀದಿಯ ಕೊನೆಯ ಪುಸ್ತಕದಂಗಡಿಯಲ್ಲಿ ಒಂದೇ ವಾರದಲ್ಲಿ ‘ನಡುಮಹಡಿ’ ಖಾಲಿಯಾಯಿತು. ಅಂಗಡಿಯವರು ಲಿಫ್ಟಣ್ಣನನ್ನು ಕಂಡೊಡನೆ ಎದ್ದು ನಿಂತು, “ಅಣ್ಣಾ, ಮುಂದಿನ ತಿಂಗಳು ಒಂದು ಅಡುಗೆ ಪುಸ್ತಕ ಬರ್ತಿದೆ. ಅದನ್ನೂ ಗವರ್ನರಿಗೆ ಹೇಳಿ ಸ್ವಲ್ಪ ಬೈಸಿ” ಎಂದು ಕೈಮುಗಿದರು.

ಅಬ್ಬಾ ಪಕ್ಷದವರು ಮೊಗಸಾಲೆಯಲ್ಲಿ ಧರಣಿ ಕೂತರು. ಅಯ್ಯೋ ಪಕ್ಷದವರಿಗೆ ಮನೆಯಲ್ಲಿ ಕೂರಲು ನಾಚಿಕೆಯಾಗಿ ಅವರೂ ಬಂದು ಸ್ವಲ್ಪ ದೂರದಲ್ಲಿ ಕೂತರು. “ಓದುಗರ ಹಕ್ಕು ಉಳಿಯಲಿ!” ಎಂದು ಡಾಕ್ಟರಮ್ಮ ಕೂಗಿದರೆ, “ಪುಟ ಬಿಟ್ಟು ಓದುವ ಹಕ್ಕೂ ಉಳಿಯಲಿ!” ಎಂದು ಕಾರ್ಯದರ್ಶಿಗಳು ದನಿಗೂಡಿಸುತ್ತಿದ್ದರು.

ಈ ಗದ್ದಲ ಊರಲ್ಲಿ ಹರಡಿ, ಪುಸ್ತಕ ಪರಿಶೀಲನಾ ಕಚೇರಿಯ ಅಧಿಕಾರಿಯ ಕಿವಿಗೂ ಬಿತ್ತು. ಹೊಟ್ಟೆಯ ಮೇಲೆ ಬೆಲ್ಟು ಬಿಗಿದ, ಮೆಲುದನಿಯ ಮನುಷ್ಯ. ಒಂದು ಮಧ್ಯಾಹ್ನ ಅವರು ಲಿಫ್ಟಣ್ಣನ ಮನೆಗೇ ಬಂದು ಕುರ್ಚಿಯ ಅಂಚಿನಲ್ಲಿ ಕೂತರು.

“ನೋಡಿ, ನಮಗೆ ಮೇಲಿಂದ ಯಾವ ಆದೇಶವೂ ಬಂದಿಲ್ಲ. ಬಂದಿಲ್ಲ ಅಂದಮೇಲೆ ಬರಬಹುದು. ಬಂದ ಮೇಲೆ ‘ಮೊದಲೇ ಯಾಕೆ ತಿಳ್ಕೊಳ್ಳಲಿಲ್ಲ?’ ಅಂತ ಕೇಳಬಹುದು.”

“ಮೇಲಿನವರನ್ನೇ ಒಂದು ಮಾತು ಕೇಳಬಹುದಲ್ಲ ಸಾರ್?” ಎಂದ ಲಿಫ್ಟಣ್ಣ, ಬೆವರು ಒರೆಸಿಕೊಳ್ಳುತ್ತಾ.

ಅಧಿಕಾರಿ ಗಾಬರಿಯಾದರು. “ಛೆ ಛೆ! ಕೇಳಿದ್ರೆ ನಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗಲ್ವೇ? ನೀವೇ ಗುಟ್ಟಾಗಿ ಹೇಳಿ. ಅವರಿಗೆ ಯಾವ ಭಾಗ ಸರಿಬರಲಿಲ್ಲ?”

ಒಳಗಿನಿಂದ ಅತ್ತೆ, “ಹೇಳಿ ಅಳಿಯಂದ್ರೇ, ಸಂಕೋಚ ಬೇಡ” ಎಂದರು. ಬಾಗಿಲ ಮರೆಯಲ್ಲಿ ಹೆಂಡತಿ ನಿಂತಿದ್ದಳು, ಕಣ್ಣಲ್ಲಿ ಕೆಂಡ, ಮೂಗಿನಲ್ಲಿ ಹಿಟ್ಟು.

ಲಿಫ್ಟಣ್ಣನಿಗೆ ಗೊತ್ತಿದ್ದದ್ದೇ ಅರವತ್ತು ಪುಟ. “ಆ ಗುಂಡಿಗೆ ಇಳಿಯೋದು ಬರುತ್ತಲ್ಲ ಸಾರ್... ಅಲ್ಲಿ” ಎಂದ.

ಅಧಿಕಾರಿ ಚೀಲದಿಂದ ತಮ್ಮ ಪ್ರತಿ ತೆಗೆದು, ಆ ಜಾಗ ಹುಡುಕಿ, ಅಲ್ಲೇ ಓದಲು ಶುರುಮಾಡಿದರು. ಮೊದಲು ಕಾಲಮೇಲೆ ಕಾಲು ಹಾಕಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಎರಡೂ ಕಾಲು ಕುರ್ಚಿಯ ಮೇಲೆ ಬಂದವು. ಕೊಟ್ಟ ಟೀ ಕೆನೆಗಟ್ಟಿತು. ಅತ್ತೆ ಅಡುಗೆಮನೆಯಲ್ಲಿ ಒಂದು ಪಾತ್ರೆ ಬೀಳಿಸಿದಾಗ ಅವರು ಕುಳಿತಲ್ಲಿಂದಲೇ ಒಂದಡಿ ಹಾರಿ, “ಯಾರದು?” ಎಂದು ಕಿರುಚಿದರು. ಕೊನೆಗೆ ಪುಸ್ತಕ ಮುಚ್ಚದೆಯೇ ಎದ್ದು, “ನಾನು... ಇದನ್ನ ಪೂರ್ತಿ ಪರಿಶೀಲಿಸಬೇಕಾಗುತ್ತೆ. ಯಾರಾದ್ರೂ ನನ್ನನ್ನ ಗೇಟಿನ ತನಕ ಬಿಡ್ತೀರಾ?” ಎಂದು ಕೇಳಿದರು. ಮನೆ ಇದ್ದದ್ದು ನೆಲಮಹಡಿಯಲ್ಲಿ. ಗೇಟು ಹತ್ತು ಹೆಜ್ಜೆ. ಅತ್ತೆ ಕೈಹಿಡಿದು ಬಿಟ್ಟುಬಂದರು.

ಹೋಗುವ ಮುನ್ನ ಅಧಿಕಾರಿ ಗೇಟಿನಲ್ಲಿ ಸಿಕ್ಕ ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳಿದ್ದರು: “ಲೇಖಕಿಯನ್ನೂ ಕರೆಸಿಬಿಡಿ. ನಾಲ್ಕು ಜನರ ಮುಂದೆ ಮಾತಾಡಿ ಮುಗಿಸೋಣ.”

ಲೇಖಕಿ ಭಾನುವಾರ ಬೆಳಿಗ್ಗೆ ಬಂದರು. ಸಾವಿರ ಪುಟದ ದೆವ್ವವನ್ನು ಬರೆದವರು ಹೇಗಿರುತ್ತಾರೋ ಎಂದು ಮಕ್ಕಳನ್ನೆಲ್ಲ ಒಳಗೆ ಕಳಿಸಿದ್ದರು. ಬಂದದ್ದು ಬಟ್ಟೆಯ ಚೀಲ ಹಿಡಿದ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ, ಚಿಕ್ಕಗಾತ್ರದ ನಿವೃತ್ತ ಗಣಿತದ ಟೀಚರು. ಬಂದವರೇ, “ಸ್ವಲ್ಪ ನೀರು ಕೊಡ್ತೀರಾ?” ಎಂದರು. ಅಬ್ಬಾ ಪಕ್ಷದ ಮೂವರು ಒಂದೇ ಸಲ ಒಳಗೆ ಓಡಿದರು.

ಮೊಗಸಾಲೆ ತುಂಬಿತ್ತು. ಅಧಿಕಾರಿಯೂ ಬಂದಿದ್ದರು, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು, ಆರುನೂರನೇ ಪುಟದಲ್ಲಿ ಬಸ್ಸಿನ ಟಿಕೆಟು ಗುರುತಿಗಿಟ್ಟಿದ್ದರು.

ಡಾಕ್ಟರಮ್ಮ ಶುರುಮಾಡಿದರು. “ಇಷ್ಟು ದಿನ ಸಹಿಸಿದ್ವಿ. ಗವರ್ನರ್ ಏನೇನು ಹೇಳಿದ್ರು ಅನ್ನೋದನ್ನ ಲಿಫ್ಟಣ್ಣ ಇವತ್ತು ಎಲ್ಲರೆದುರು ಹೇಳಬೇಕು.”

“ಹೇಳಲೇಬೇಕು” ಎಂದರು ಕಾರ್ಯದರ್ಶಿಗಳು.

ಲಿಫ್ಟಣ್ಣ ಎಲ್ಲರ ಮುಖ ನೋಡಿದ. ಲೇಖಕಿಯ ಮುಖ ನೋಡಿದ. ಅವರು ಲೋಟ ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೂತಿದ್ದರು. ಅವರ ಪಕ್ಕದಲ್ಲಿ ಅವನ ಹೆಂಡತಿ.

“ಬನ್ನಿ, ಗವರ್ನರನ್ನೇ ತೋರಿಸ್ತೀನಿ” ಎಂದುಬಿಟ್ಟ.

ಅಧಿಕಾರಿ ಗಡಿಬಿಡಿಯಿಂದ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಅತ್ತೆ, “ಇಲ್ಲಿಗೇ ಬಂದಿದ್ದಾರಾ? ಒಂದು ಮಾತು ಮೊದಲೇ ಹೇಳಬಾರದೇ, ಮನೆ ಗುಡಿಸ್ತಿದ್ದೆ!” ಎಂದು ಹಲುಬುತ್ತಾ ಸೆರಗು ಸರಿಮಾಡಿಕೊಂಡರು. ಲಿಫ್ಟಣ್ಣ ಮುಂದೆ, ಹಿಂದೆ ಇಡೀ ಕಟ್ಟಡ. ಲೇಖಕಿ “ನಾನು ಮೆಟ್ಟಿಲಲ್ಲೇ ಬರ್ತೀನಿ” ಎಂದದ್ದರಿಂದ ಎಲ್ಲರೂ ಮೆಟ್ಟಿಲಲ್ಲೇ ಹತ್ತಬೇಕಾಯಿತು. ಎಂಟು ಮಹಡಿ ಹತ್ತಿ, ಏದುಸಿರು ಬಿಡುತ್ತಾ, ತಾರಸಿಯ ಮೇಲಿನ ಮಷೀನ್ ರೂಮಿನ ಬಾಗಿಲಲ್ಲಿ ನಿಂತರು.

ಲಿಫ್ಟಣ್ಣ ಬಾಗಿಲು ತೆರೆದು, ಎಣ್ಣೆ ಮೆತ್ತಿದ, ಊಟದ ತಟ್ಟೆಗಿಂತ ತುಸು ದೊಡ್ಡದಾದ ಒಂದು ಚಕ್ರದ ಕಡೆ ಬೆರಳು ತೋರಿಸಿದ.

“ಇದೇ ಗವರ್ನರ್. ಲಿಫ್ಟು ಜಾಸ್ತಿ ವೇಗವಾಗಿ ಇಳಿದ್ರೆ ಇದು ಬಿಡಲ್ಲ. ಹಿಡಿದು ನಿಲ್ಲಿಸುತ್ತೆ. ಅವತ್ತು ನಾನು ಹೇಳಿದ್ದು ಇಷ್ಟೇ.”

ಅಧಿಕಾರಿ ಮೇಲಿನ ಗುಂಡಿ ಬಿಚ್ಚಿಕೊಂಡರು. ಆಮೇಲೆ, ಏನಾದರೂ ಇರಲಿ ಎಂದು, ಚಕ್ರಕ್ಕೆ ಸಣ್ಣಗೆ ತಲೆಬಾಗಿಸಿದರು.

ಮರುಕ್ಷಣ ಅಬ್ಬಾ ಪಕ್ಷವೂ ಅಯ್ಯೋ ಪಕ್ಷವೂ ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದಾದವು.

“ನನ್ನ ಎಕ್ಸ್‌ರೇ ಎಲ್ಲ ಕಲಸಿಹೋಗಿದೆ!”

“ನಾಲ್ಕು ದಿನ ತಣ್ಣನೆ ಕಲ್ಲಿನ ಮೇಲೆ ಕೂತಿದ್ದೀನಿ, ಸೊಂಟ ಹಿಡ್ಕೊಂಡಿದೆ!”

“ಮೂರು ಮೂರು ಸಲ ಬಡಿಸಿದ್ದೆನಲ್ಲಪ್ಪಾ ಇವರಿಗೆ!” ಎಂದರು ಅತ್ತೆ. ಲಿಫ್ಟಣ್ಣ ಕ್ಷಣಮಾತ್ರದಲ್ಲಿ ಅಳಿಯಂದಿರಿಂದ ‘ಇವರಿಗೆ’ ಇಳಿದಿದ್ದ.

ಆ ಕೂಗಾಟದ ನಡುವೆ ಲೇಖಕಿ ಕೈಯೆತ್ತಿದರು. ನಲವತ್ತು ವರ್ಷ ತರಗತಿ ನಿಭಾಯಿಸಿದ ಕೈ. ಎಲ್ಲರೂ ಬಾಯಿ ಮುಚ್ಚಿದರು.

“ಹಾಗಾದ್ರೆ ಲಿಫ್ಟು ಜಾರೋದು ನನ್ನ ತಪ್ಪು. ಒಪ್ಪಿದೆ. ಆದ್ರೆ ಗುಂಡಿಯ ಅಧ್ಯಾಯದಲ್ಲಿ ಏನೋ ಸರಿಯಿಲ್ಲ ಅಂದೆಯಂತೆ, ಈ ಸಾಹೇಬರು ಹೇಳಿದ್ರು. ಅಲ್ಲೇನು ತಪ್ಪಾಗಿದೆ ಹೇಳಪ್ಪ. ಎರಡನೇ ಮುದ್ರಣದಲ್ಲಿ ತಿದ್ದಬೇಕು.”

ಹೆಂಡತಿ, ಒಂದು ವಾರದಲ್ಲಿ ಮೊದಲ ಸಲ ತಾಯಿಯ ಮಧ್ಯಸ್ಥಿಕೆಯಿಲ್ಲದೆ, ನೇರವಾಗಿ ಕೇಳಿದಳು: “ಹೇಳ್ರೀ. ಏನು ತಪ್ಪಿತ್ತು?”

“ಏನೂ ತಪ್ಪಿಲ್ಲ ಕಣೇ” ಎಂದ ಲಿಫ್ಟಣ್ಣ. ದನಿ ಬಾವಿಯೊಳಗಿಂದ ಬಂದಂತಿತ್ತು. “ಏಣಿ ಇಡೋದು, ಕಾಲು ಊರೋದು, ಅಲ್ಲಿಯ ವಾಸನೆ, ಎಲ್ಲ ಸರಿಯಾಗೇ ಇದೆ. ಅದಕ್ಕೇ ಭಯ ಆಗಿದ್ದು. ಕೆಳಗಿಂದ ತಟ್ಟಿದ ಕೂಡ್ಲೇ ಮುಚ್ಚಿಟ್ಟೆ. ಮುಂದೆ ಓದಿಲ್ಲ. ಗುಂಡಿಗೂ ಇಳಿದಿಲ್ಲ. ಮಳೆ ಅಂತ ಸುಳ್ಳು ಹೇಳಿದೆ. ಇನ್ನು ಕಂಪನಿಯವರು ಏನು ಮಾಡ್ತಾರೋ ಮಾಡ್ಲಿ.”

“ಅರವತ್ತೇ ಪುಟ ಓದಿ ಅಭಿಪ್ರಾಯ ಹೇಳಿದ್ದಾ?” ಎಂದು ಡಾಕ್ಟರಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದರು.

“ನಾನೂ ಇನ್ನೂರಕ್ಕೇ ನಿಲ್ಲಿಸಿದ್ದು” ಎಂಬ ಮಾತು ಕಾರ್ಯದರ್ಶಿಗಳ ಬಾಯಿಂದ ಜಾರಿತು. ಡಾಕ್ಟರಮ್ಮ ಅವರ ಕಡೆ ನಿಧಾನವಾಗಿ ತಿರುಗಿದರು. ಅದು ಬೇರೆಯದೇ ಕಥೆ.

ಲೇಖಕಿ ಮಾತ್ರ ಲಿಫ್ಟಣ್ಣನನ್ನೇ ನೋಡುತ್ತಿದ್ದರು. “ಅಯ್ಯೋ, ನಾನೂ ಅಲ್ಲೇ ನಿಲ್ಲಿಸಿದ್ದೆನಪ್ಪ. ಆ ತಟ್ಟೋದನ್ನ ಬರೆದ ಮೇಲೆ ಒಂದು ವರ್ಷ ಪೆನ್ನು ಮುಟ್ಟಲಿಲ್ಲ. ಇವತ್ತಿಗೂ ಲಿಫ್ಟು ಹತ್ತಲ್ಲ. ನಿಜ ಹೇಳ್ಬೇಕಂದ್ರೆ ಗುಂಡಿ ಹೇಗಿರುತ್ತೆ ಅಂತ ನಾನು ಕಣ್ಣಾರೆ ನೋಡೇ ಇಲ್ಲ. ಯಾರನ್ನೋ ಕೇಳಿ ಬರೆದದ್ದು. ತೋರಿಸ್ತೀಯಾ?”

“ನಾನಾ?”

“ನೀನೇ. ನಾನೂ ಇಳೀತೀನಿ. ಇಬ್ರೂ ಹೆದರೋಣ.”

“ಮೂರು ಜನ” ಎಂದಳು ಹೆಂಡತಿ. “ಟಾರ್ಚು ನಾನು ಹಿಡಿಯೋಳು.”

ಮತ್ತೆ ಎಂಟು ಮಹಡಿ ಇಳಿದರು. ಲಿಫ್ಟಣ್ಣ ಲಿಫ್ಟನ್ನು ಮೇಲೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಒಂದಕ್ಕೆ ನಾಲ್ಕು ಸಲ ಪರೀಕ್ಷಿಸಿ, ನೆಲಮಹಡಿಯ ಬಾಗಿಲು ತೆರೆದು ಏಣಿ ಇಳಿಬಿಟ್ಟ. ಮೊದಲ ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಮತ್ತೆ ಇಟ್ಟ. ಬಾಗಿಲಲ್ಲಿ ಅಧಿಕಾರಿ, “ನೀವು ತಿರುಗಿ ಬರೋ ತನಕ ನಾನು ಕಣ್ಣು ಮುಚ್ಚಿರ್ತೀನಿ” ಎಂದು ಧೈರ್ಯ ತುಂಬಿದರು.

ಲಿಫ್ಟಣ್ಣ ಎರಡೂ ಕಾಲು ಊರಿದ. ಕಿವಿ ನಿಮಿರಿಸಿ ನಿಂತ. ಎಂಟು ಮಹಡಿಯ ಜನ ಉಸಿರು ಬಿಗಿಹಿಡಿದರು.

ಏನೂ ಇಲ್ಲ. ತಟ್ಟಲೂ ಇಲ್ಲ, ಕುಟ್ಟಲೂ ಇಲ್ಲ.

ಅವನು ಕೈಕೊಟ್ಟು ಲೇಖಕಿಯನ್ನು ಇಳಿಸಿದ. ಹಿಂದೆಯೇ ಹೆಂಡತಿ ಇಳಿದು ಟಾರ್ಚು ಹೊತ್ತಿಸಿದಳು. ಕಂಬಿಯ ಹಿಂದೆ, ಅವನ ಪೊರಕೆಗೆ ಎಂದೂ ಎಟುಕದ ಮೂಲೆಯಲ್ಲಿ, ಧೂಳಿನ ನಡುವೆ ಏನೋ ಮಿನುಗಿತು. ಬಗ್ಗಿ ನೋಡಿದರೆ ಕಿವಿಯೋಲೆ.

“ಯಾರದ್ರೀ ಇದು, ಕೆಂಪು ಕಲ್ಲಿಂದು?”

“ನಂದು!” ಮೇಲಿನಿಂದ ಡಾಕ್ಟರಮ್ಮ ಕಿರುಚಿದರು. “ಅದಕ್ಕೆ ನಾನು ಕೆಲಸದವಳನ್ನ ಬೈದುಬಿಟ್ಟಿದ್ದೆನಲ್ಲ! ಇವತ್ತೇ ಹೋಗಿ ಅವಳ ಕೈಹಿಡ್ಕೋತೀನಿ.”

ಲಿಫ್ಟಿನ ಬಾಗಿಲ ಸಂದಿಯಿಂದ ವರ್ಷಗಟ್ಟಲೆ ಜಾರಿಬಿದ್ದದ್ದೆಲ್ಲ ಅಲ್ಲಿ ಸಂಸಾರ ಹೂಡಿತ್ತು. ಬೀಗದ ಕೈಗಳು, ಹೇರ್‌ಪಿನ್ನುಗಳು, ಬಾಚಣಿಗೆ, ಒಂದು ಮಗುವಿನ ಬೂಟು, ಅರ್ಧ ಕಟ್ಟು ಇಸ್ಪೀಟು. ಹಿಂದಿನ ಕಾರ್ಯದರ್ಶಿ ಕದ್ದರೆಂದು ಈಗಿನ ಕಾರ್ಯದರ್ಶಿಗಳು ಮೂರು ವರ್ಷದಿಂದ ಎಲ್ಲ ಸಭೆಯಲ್ಲೂ ಆರೋಪಿಸುತ್ತಿದ್ದ ಸಂಘದ ರಬ್ಬರ್ ಮೊಹರು ಕೂಡ ಸಿಕ್ಕಿತು. ಹಿಂದಿನ ಕಾರ್ಯದರ್ಶಿ ಅಲ್ಲೇ ನಿಂತಿದ್ದರು. ಕೈಕಟ್ಟಿಕೊಂಡು ಈಗಿನವರನ್ನೇ ನೋಡಿದರು. ಈಗಿನವರು ಮೊಹರನ್ನು ಒರೆಸುವುದರಲ್ಲಿ ಮಗ್ನರಾದರು.

ಲಿಫ್ಟಣ್ಣ ಒಂದೊಂದನ್ನೇ ಎತ್ತಿ ಮೇಲೆ ಕೊಡುತ್ತಾ, ಅಭ್ಯಾಸಬಲದಿಂದ ಪೊರಕೆ ಕೈಗೆತ್ತಿಕೊಂಡಿದ್ದ. ಅವನಿಗೇ ಅದು ಗೊತ್ತಾಗಿರಲಿಲ್ಲ. ಲೇಖಕಿ ಗೋಡೆಗೆ ಒರಗಿ ನಿಂತು, ಪುಟ್ಟ ಬೂಟನ್ನು ಟಾರ್ಚಿನ ಬೆಳಕಿಗೆ ಹಿಡಿದಿದ್ದರು.

“ದೆವ್ವಕ್ಕಿಂತ ಇದನ್ನ ಬರೀಬೇಕಿತ್ತು” ಎಂದರು.

ಮೇಲಿನಿಂದ ಕಾರ್ಯದರ್ಶಿಗಳ ದನಿ ಕೇಳಿತು: “ಬರೀರಿ ಮೇಡಂ, ಬರೀರಿ. ಆದ್ರೆ ನೂರು ಪುಟದೊಳಗೆ!”

“ಸಾವಿರ!” ಎಂದರು ಡಾಕ್ಟರಮ್ಮ.

ಎರಡು ಪಕ್ಷಗಳೂ ಮತ್ತೆ ಎಂದಿನಂತೆ ಕಿತ್ತಾಡತೊಡಗಿದವು. ಕಂಪನಿಗೆ ಯಾರೂ ದೂರು ಕೊಡಲಿಲ್ಲ. ಕೊಡಬೇಕೆಂದಿದ್ದವರ ಕೈಯಲ್ಲಿ ಎಂದೋ ಕಳೆದು ಈಗ ಸಿಕ್ಕಿದ ಬೀಗದ ಕೈ ಇತ್ತು. ಅಧಿಕಾರಿ ತಮ್ಮ ವರದಿಯಲ್ಲಿ ‘ಪರಿಶೀಲನೆ ಮುಂದುವರಿದಿದೆ’ ಎಂದು ಬರೆದು, ಆರುನೂರ ಒಂದನೇ ಪುಟಕ್ಕೆ ಹೋದರು. ಬಾಮೈದನ ವರ್ಗಾವಣೆ ಆಗಲಿಲ್ಲ. ಅತ್ತೆ ಈಗಲೂ ಅದಕ್ಕೆ ಆ ಚಕ್ರವನ್ನೇ ಬೈಯುತ್ತಾರೆ.

ಮರುವಾರದಿಂದ ಒಂದು ಹೊಸ ಕ್ರಮ ಶುರುವಾಯಿತು. ಮಧ್ಯಾಹ್ನ ಕನ್ನಡಕದ ಅಂಗಡಿಯ ಊಟದ ಬಿಡುವಿನಲ್ಲಿ ಹೆಂಡತಿ ಮನೆಗೆ ಬರುತ್ತಾಳೆ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬೀಳುವ ಕಡೆ ಇಬ್ಬರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅವಳು ಹಿಟ್ಟು ಕೊಡವಿ ಪುಸ್ತಕ ಬಿಡಿಸುತ್ತಾಳೆ, ಗಟ್ಟಿಯಾಗಿ ಓದುತ್ತಾಳೆ. ಲಿಫ್ಟಣ್ಣ ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು ಕೇಳುತ್ತಾನೆ. ಅತ್ತೆ ಬಾಗಿಲಲ್ಲಿ ನಿಂತು, “ಕೊನೇಲಿ ಏನಾಗುತ್ತೆ ಅಂತ ನಾನು ಹೇಳ್ಲಾ?” ಎನ್ನುತ್ತಾರೆ. ಇಬ್ಬರೂ ಒಟ್ಟಿಗೆ “ಬೇಡ!” ಎನ್ನುತ್ತಾರೆ.

ಮೊನ್ನೆ ನಾನು ಒಂದು ಬಲ್ಬಿನ ವಿಷಯ ಕೇಳಲು ಹೋದಾಗ ಓದು ನಡೆದಿತ್ತು. ಬಾಗಿಲು ತೆರೆಯುವ ಆ ನಲವತ್ತು ಪುಟಗಳ ನಡುವೆ ಎಲ್ಲೋ ಇದ್ದರು. ಹೆಂಡತಿ ಗಡಿಯಾರ ನೋಡಿ, ಅಂಗಡಿಗೆ ಹೊತ್ತಾಯಿತೆಂದು ಪುಸ್ತಕ ಮುಚ್ಚಿದಳು. “ಹೆದರಿಕೆ ಆಗ್ತಿದ್ರೆ ಇಲ್ಲಿಗೇ ಸಾಕು ಮಾಡೋಣ ಕಣ್ರೀ. ನಾನೇನೂ ಅಂದ್ಕೊಳ್ಳಲ್ಲ.”

“ತುಂಬಾ ಆಗ್ತಿದೆ” ಎಂದ ಲಿಫ್ಟಣ್ಣ. ಅವಳ ಸೆರಗಿನ ತುದಿ ಅವನ ಮುಷ್ಟಿಯಲ್ಲಿತ್ತು. “ಇನ್ನೊಂದೇ ಪುಟ ಓದೇ. ಬಾಗಿಲು ತೆಗೀತಾ ಇಲ್ವಾ?”